ಆನೆಗಳು ಎಲ್ಲೂ ಹೋಗಿಲ್ಲ

ಕೆ. ಹೊಸಕೋಟೆ
೨೪ ನವೆಂಬರ್ ೨೦೨೪

ಸೊಸೆ ಚೈತ್ರಾಗೆ ನಿನ್ನ ಅತ್ತೆಯ ಆಶೀರ್ವಾದ. ಮೊಮ್ಮಗಳು ಗಗನಾಳ ಎರಡೂ ಕೆನ್ನೆಗೆ ನನ್ನ ಮುತ್ತು.

ಫೋನ್ ಇರುವಾಗ ಈ ಮುದುಕಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತೋ ಎಂದು ನಗಬೇಡ. ಆ ಫೋನ್ ಇರುವುದು ನಿನ್ನ ಗಂಡನ ಜೇಬಿನಲ್ಲಿ. ನಾನು ನಿನ್ನ ಹತ್ತಿರ ಮಾತಾಡುವಷ್ಟು ಹೊತ್ತೂ ಅವನು ಪಕ್ಕದಲ್ಲೇ ಕೂತಿರುತ್ತಾನೆ. ಇದು ಅವನೆದುರು ಆಡುವ ಮಾತಲ್ಲ. ಹಿತ್ತಲಾಚೆ ಮನೆಯ ತಾಯಮ್ಮ ನಾಳೆ ಆಲೂರಿಗೆ ಹೋಗುತ್ತಾಳೆ, ಅಂಚೆಗೆ ಹಾಕುತ್ತೇನೆ ಎಂದಿದ್ದಾಳೆ.

ಮೊನ್ನೆ ನಟರಾಜ ನಿನಗೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. "ಆನೆನೆಲ್ಲಾ ಫಾರೆಸ್ಟಿನೋರು ಹಿಡ್ಕೊಂಡ್ ಹೋಗ್ಬುಟ್ರು ಕಣೇ. ಬೇಕಾದ್ರೆ ಗ್ರೂಪ್ ತೆಗ್ದು ನೋಡು, ತಿಂಗ್ಳಿಂದ ಒಂದ್ ಮೆಸೇಜಾದ್ರೂ ಬಂದೈತಾ?" ಎಂದ. ನೀನು ನೋಡಿದೆ, ನಂಬಿದೆ. ಡಿಸೆಂಬರ್ ರಜೆಗೆ ಗಗನಾಳ ಟಿ.ಸಿ. ತೆಗೆಸಿಕೊಂಡು ಮೈಸೂರು ಬಿಟ್ಟು ಬಂದುಬಿಡುತ್ತೇನೆ ಎಂದು ಕುಣಿದಾಡಿದೆ.

ಚೈತ್ರಾ, ಆನೆಗಳು ಎಲ್ಲೂ ಹೋಗಿಲ್ಲ. ಆನೆ ಎಲ್ಲಿದೆ ಎಂದು ತಿಳಿಸುವ ನಮ್ಮೂರಿನ ವಾಟ್ಸಾಪ್ ಗ್ರೂಪ್ ನಡೆಸುವವನು ನಿನ್ನ ಗಂಡನೇ ತಾನೆ? ಅವನು ಇನ್ನೊಂದು ಗ್ರೂಪ್ ಮಾಡಿ, ನಿನ್ನೊಬ್ಬಳನ್ನು ಬಿಟ್ಟು ಊರವರನ್ನೆಲ್ಲ ಅದಕ್ಕೆ ಸೇರಿಸಿದ್ದಾನೆ. ಹಳೆಯದರಲ್ಲಿ ಈಗ ಯಾರೂ ಏನೂ ಹಾಕುವುದಿಲ್ಲ. ತಾಯಮ್ಮನ ಫೋನಿನಲ್ಲಿ ನಾನೇ ಕಣ್ಣಾರೆ ನೋಡಿದೆ. ನಿನ್ನೆ ಬೆಳಿಗ್ಗೆ ಕೂಡ ಬಂದಿತ್ತು, ಕೆರೆ ಹಿಂದಿನ ತೋಟದಲ್ಲಿ ಮರಿ ಸಮೇತ ಹಿಂಡು ನಿಂತಿದೆ, ಮಕ್ಕಳನ್ನು ಆ ದಾರಿಯಲ್ಲಿ ಕಳಿಸಬೇಡಿ ಅಂತ. ಎಂಥಾ ತಲೆ ನೋಡು ನನ್ನ ಮಗನದು! ಓದುವಾಗ ಇಷ್ಟು ತಲೆ ಓಡಿಸಿದ್ದರೆ ಡಿ.ಸಿ. ಆಗಿರುತ್ತಿದ್ದ.

ಬಯ್ಯಬೇಡ ಎನ್ನುವುದಿಲ್ಲ, ಮನಸ್ಸಿನಲ್ಲೇ ಚೆನ್ನಾಗಿ ಬಯ್ಯಿ. ಆದರೆ ಅವನು ಕೆಟ್ಟವನಲ್ಲ. ನೀವಿಬ್ಬರೂ ಹೋದಮೇಲೆ ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಏಳುತ್ತಾನೆ. ನೀನೇ ಮೈಸೂರಿಗೆ ಹೋಗಿ ಇರಬಾರದೇನೋ ಎಂದು ಅವನನ್ನು ಕೇಳಿದರೆ, "ಇಲ್ಲಿ ನಮ್ದೇ ಎರಡೆಕ್ರೆ ಕಾಫಿ ಬುಟ್ಟು, ಅಲ್ಲಿ ಯಾರ್ದೋ ಗೇಟು ಕಾಯ್ಲಾ ಅವ್ವ?" ಎನ್ನುತ್ತಾನೆ. ಹೆತ್ತ ಕರುಳು, ಚುರ್ರೆನ್ನುತ್ತದೆ.

ಮೈಸೂರು ನಿನಗೆ ಒಗ್ಗಿಲ್ಲ, ಗೊತ್ತು. ಹಬ್ಬ ಮುಗಿಸಿ ನಾನೂ ಒಂದು ವಾರ ಇದ್ದು ಬಂದವಳೇ. ಮಲಗುವುದೂ ಬೇಯಿಸುವುದೂ ಒಂದೇ ರೂಮಿನಲ್ಲಿ. ಒಂದು ಬಕೆಟ್ ನೀರು ಹೆಚ್ಚಿಗೆ ಹಿಡಿದರೆ ಆ ಓನರಮ್ಮ ಮುಖ ಊದಿಸುತ್ತಾಳೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ನಿನ್ನ ಕಾಲು ಬಾತಿರುತ್ತದೆ. ಮಗು 'ಐತೆ' ಎಂದರೆ ಕ್ಲಾಸಿನಲ್ಲಿ ನಗುತ್ತಾರಂತೆ, ಅವರ ಮುಖಕ್ಕಿಷ್ಟು! ಊಟ ಆಯ್ತಾ ಎಂದು ಕೇಳಲು ಆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಇದನ್ನೆಲ್ಲ ಕಂಡು, ಇಬ್ಬರನ್ನೂ ಕರೆದುಕೊಂಡೇ ಹೊರಟುಬಿಡೋಣ ಎಂದು ನನಗೂ ಅನ್ನಿಸಿತ್ತು.

ಅಲ್ಲಿದ್ದಾಗ ಒಂದು ಸಂಜೆ ನೀನಿನ್ನೂ ಅಂಗಡಿಯಿಂದ ಬಂದಿರಲಿಲ್ಲ. ಬೀದಿ ದೀಪ ಹತ್ತಿತ್ತು, ಗಗನಾ ಹೊರಗೆ ಯಾರದೋ ಸೈಕಲ್ ಹೊಡೆಯುತ್ತಿದ್ದಳು. ಕತ್ತಲಾಯಿತು ಒಳಗೆ ಬಾರೇ ಎಂದು ಎದ್ದುಬಿದ್ದು ಓಡಿಹೋಗಿ ಕಿರುಚಿದೆ. "ಇಲ್ಲಿ ಏನೂ ಬರಲ್ಲ ಅಜ್ಜಿ" ಎಂದು ನಕ್ಕು ಇನ್ನೊಂದು ಸುತ್ತು ಹೊರಟಳು. ನಮ್ಮೂರಲ್ಲಿ ಬಸ್ಸಿಗೆ ಹೋಗುವ ದಾರಿಯಲ್ಲಿ ಪಕ್ಕದ ಮನೆ ಬಸವರಾಜುವನ್ನು ಆನೆ ತುಳಿದಾಗ, ನಿನ್ನ ಕೈ ಹಿಡಿದು ಸ್ವಲ್ಪವೇ ಹಿಂದೆ ಬರುತ್ತಿದ್ದ ಮಗು ಅದು. ಆಮೇಲೆ ನೀವು ಮೈಸೂರಿಗೆ ಹೊರಡುವ ತನಕ ಬಚ್ಚಲಿಗೆ ಹೋಗಲೂ ನಾನು ಜೊತೆಗೆ ಬೇಕಿತ್ತು. ಅಂಥವಳು ಕತ್ತಲಲ್ಲಿ ಒಬ್ಬಳೇ ನಗುತ್ತಿದ್ದಳು ಕಣೇ. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ನೀನು ಬಂದಾಗ ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿದೆ.

ಇಲ್ಲಿ ಈಗಲೂ ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುತ್ತೇವೆ. ಭತ್ತ ಹಣ್ಣಾಗಿದೆ, ಆನೆಗಳು ಗದ್ದೆಗೇ ಇಳಿಯುತ್ತಿವೆ. ಕಾಫಿ ಕುಯ್ಯಲು ಕರೆದರೆ ಆಳುಗಳು ಹೆದರುತ್ತಾರೆ. ಇಂಥಲ್ಲಿಗೆ ಮಗುವನ್ನು ಕರೆದುಕೊಂಡು ಬರುತ್ತೀಯಾ? ನನಗೆ ಮೊಮ್ಮಗಳು ಬೇಡವೆಂದಲ್ಲ. ನೀವಿಲ್ಲದೆ ಮನೆ ಬಿಕೋ ಎನ್ನುತ್ತದೆ, ಇಬ್ಬರಿಗೆ ಅನ್ನ ಮಾಡಲು ಕೈ ಬರುವುದಿಲ್ಲ. ನಟರಾಜ ಎಷ್ಟೇ ಗೋಗರೆಯಲಿ, ಟಿ.ಸಿ. ತೆಗೆಸಬೇಡ. ಇಂದಲ್ಲ ನಾಳೆ ಅವನೇ ಅಲ್ಲಿಗೆ ಬರುತ್ತಾನೆ. ಬರದಿದ್ದರೆ ಅವನ ಹಣೆಬರಹ. ಅತ್ತೆಯೇ ಸೊಸೆಯನ್ನು ಮಗನಿಂದ ದೂರ ಇಟ್ಟಳು ಎಂದು ಊರು ಆಡಿಕೊಂಡರೆ ಆಡಿಕೊಳ್ಳಲಿ, ನನ್ನ ಗಂಟೇನು ಹೋಗಬೇಕು?

ಕಾಗದ ತಲುಪಿತು ಎಂದು ಫೋನಿನಲ್ಲಿ ಬಾಯಿ ಬಿಡಬೇಡ. ಕಾಲಿಗೆ ಬಿಸಿನೀರು ಹಾಕಿಕೋ. ಗಗನಾ 'ಐತೆ' ಎನ್ನುವುದನ್ನು ಬಿಡಿಸಬೇಡ.

ನಿಮ್ಮಿಬ್ಬರದೇ ಧ್ಯಾನದಲ್ಲಿರುವ
ನಿನ್ನ ಅತ್ತೆ
ಮೀನಾಕ್ಷಮ್ಮ

ಬರೆಯಬಾರದು ಎಂದುಕೊಂಡಿದ್ದೆ, ಬರೆಯದೆ ವಿಧಿಯಿಲ್ಲ. ಮುಂದಿನ ವಾರ ನಟರಾಜ ಫೋನ್ ಮಾಡಿ, ಅವ್ವನ ಹೊಟ್ಟೆಯಲ್ಲಿ ಗಡ್ಡೆ ಇದೆ, ಹಾಸನದಲ್ಲಿ ಆಪರೇಷನ್, ನೋಡಿಕೊಳ್ಳಲು ಬಾ ಎನ್ನುತ್ತಾನೆ. ಅದು ಸುಳ್ಳಲ್ಲ. ಆದರೂ ಬರಬೇಡ. ಬಂದರೆ ನೀನು ನನ್ನನ್ನು ಬಿಟ್ಟು ವಾಪಸ್ ಹೋಗುವವಳಲ್ಲ.