ಬೋರ್ಡಿನ ಮೇಲೊಂದು ತಪ್ಪು

ಮಾರ್ಚ್ ೧೨, ಬುಧವಾರ

ನನ್ನ ಪಾಠದ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ ಬಂದಿದೆ. "ಜೀವಶಾಸ್ತ್ರದ ಕ್ಲಾಸಲ್ಲಿ ನಿದ್ದೆ ಬರಲ್ಲ" ಎಂದು ಒಬ್ಬರು ಬರೆದಿದ್ದಾರೆ. ಸಂತೋಷ. ಇನ್ನೊಬ್ಬರದು: "ಮೇಡಂ ಬೇಕಂತಲೇ ಚಿತ್ರ ತಪ್ಪು ಬರೀತಾರೆ, ಹುಡುಕಿ ಹುಡುಕಿ ತಲೆ ಕೆಟ್ಟುಹೋಗತ್ತೆ." ವಿಭಾಗದ ಮುಖ್ಯಸ್ಥರು ಅದನ್ನೇ ಹಿಡಿದುಕೊಂಡರು.

"ಏನಮ್ಮಾ ಇದು? ಹೀಗಾದ್ರೆ ಹುಡುಗರಿಗೆ ನಿಮ್ಮ ಮೇಲೆ ನಂಬಿಕೆ ಉಳಿಯತ್ತಾ? ನಿಲ್ಲಿಸಿಬಿಡಿ."

ಪ್ರತಿ ತರಗತಿಗೂ ಒಂದೇ ಒಂದು ತಪ್ಪು. ಅದನ್ನು ಹಿಡಿದ ಮೇಲೆಯೇ ಪಾಠ ಮುಂದಕ್ಕೆ. ಇಷ್ಟು ವರ್ಷ ಹೀಗೇ ಕಲಿಸಿದ್ದೇನೆ, ಬಿಡುವ ಮಾತೇ ಇಲ್ಲ.

ಆ ಸಿಟ್ಟಿನಲ್ಲೇ ತರಗತಿಗೆ ಹೋಗಿ ಹೃದಯದ ಚಿತ್ರ ಬಿಡಿಸಿದೆ. ತಪ್ಪು ಹಾಕುವುದನ್ನೇ ಮರೆತಿದ್ದೆ, ಅದು ನನಗೆ ಗೊತ್ತೂ ಆಗಲಿಲ್ಲ. ಹುಡುಗರು ಎಂದಿನಂತೆ ಹುಡುಕತೊಡಗಿದರು. ಕವಾಟಗಳನ್ನು ನೋಡಿದರು, ರಕ್ತನಾಳಗಳಿಗಾಗಿ ಜಗಳವಾಡಿದರು. ಕೊನೆಗೆ ವರ್ಷವಿಡೀ ಬಾಯಿ ಬಿಡದ, ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಮೇಡಂ, ಇವತ್ತು ತಪ್ಪೇ ಇಲ್ಲ."

"ಸರಿಯಾಗಿ ನೋಡಮ್ಮಾ, ಇದ್ದೇ ಇರತ್ತೆ," ಎಂದೆ.

"ನೋಡಾಯ್ತು. ಇಲ್ಲ ಅಂದ್ರೆ ಇಲ್ಲ. ಬೇಕಾದ್ರೆ ನೀವೇ ನೋಡಿ."

ತಿರುಗಿ ನೋಡಿದೆ. ಇರಲಿಲ್ಲ.

ಮುಖ್ಯಸ್ಥರು ಹೇಳಿದ್ದು ನಿಜ. ಆ ಹುಡುಗಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಬೀಗುತ್ತಾ ಮನೆಗೆ ಬಂದೆ.

ಕಣ್ಣು ಎಳೆಯುತ್ತಿದೆ. ನಾಳೆ ಮೂತ್ರಪಿಂಡದ ಪಾಠ. ತಪ್ಪು ಎಲ್ಲಿ ಬಚ್ಚಿಡಲಿ? ಎಡಗಡೆಯದರಲ್ಲಿಟ್ಟರೆ ಅವಳು ಹಿಡಿದೇಬಿಡುತ್ತಾಳೆ, ಬಲಗಡೆಯದರಲ್ಲಿ...