ಮೊದಲು ಮಗುಚಿ, ಆಮೇಲೆ ಕೊಳ್ಳಿ

ಅಕ್ಕಾ,

ಇಲ್ಲಿಯ ವಿಚಿತ್ರ ಕೇಳು. ಮೀನು ಹಿಡಿಯಲೆಂದು ಕಯಾಕ್ ಕೊಳ್ಳಲು ಹೋದೆ. ಒಬ್ಬರೇ ಕೂತು ಹುಟ್ಟು ಹಾಕುವ ಪುಟ್ಟ ದೋಣಿ ಅದು. ಅಂಗಡಿಯಾಕೆ ಬೆಲೆಯನ್ನೇ ಹೇಳದೆ ಹಿಂದಿನ ಕೆರೆಗೆ ಕರೆದೊಯ್ದು, "ಮೊದಲು ಬೇಕಂತಲೇ ಮಗುಚಿ, ಆಮೇಲೆ ಕೊಳ್ಳಿ. ಎಷ್ಟು ಜೋರಾಗಿ ಹೋಗುತ್ತೆ ಅಂತ ಎಲ್ರೂ ಕೇಳ್ತಾರೆ, ಬಿದ್ರೆ ಹತ್ತೋಕಾಗುತ್ತಾ ಅಂತ ಯಾರೂ ಕೇಳಲ್ಲ" ಅಂದರು. ನನಗೆ ಹಿಡಿಸಿದ್ದ ತೆಳ್ಳನೆಯ ಕೆಂಪು ದೋಣಿ ಮೂರು ಸಲ ನೀರು ಕುಡಿಸಿತು, ಒಮ್ಮೆಯೂ ಹತ್ತಲಾಗಲಿಲ್ಲ. ಎಮ್ಮೆಯಂಥ ಅಗಲದ ಹಳದಿಯದು ಮಗುಚಲೇ ಒಪ್ಪದೆ, ಕೊನೆಗೆ ಅವರೇ ತಳ್ಳಬೇಕಾಯಿತು. ಹೊಟ್ಟೆಯ ಮೇಲೆ ತೆವಳಿ ಒಂದೇ ಸಲಕ್ಕೆ ಹತ್ತಿದೆ. ಅದನ್ನೇ ಕೊಂಡೆ.

ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅಮ್ಮನಿಗೆ ಓದಿ ಹೇಳುವಾಗ ಬಿದ್ದದ್ದನ್ನು ಬಿಟ್ಟು ಹತ್ತಿದ್ದನ್ನಷ್ಟೇ ಓದು.

ನಿನ್ನ ತಮ್ಮ