ಹೂಂ ಅನ್ನುವವಳ ನೋಂದಣಿ ಶುಲ್ಕ

ಗುಳಿ ಇಳಿದ ಮುನ್ನೂರ ಹನ್ನೊಂದನೆಯ ವರ್ಷ, ಸುಡುಗಾಲದ ಮೂವತ್ತೆಂಟನೆಯ ತಾರೀಖು
(ನಮ್ಮ ಯಂತ್ರದ ಲೆಕ್ಕದಲ್ಲಿ: ೧೯೮೦, ಜನವರಿ ೧)

ಹೊಸಪೇಟೆಯ ಶ್ರೀಮತಿ ಸುಲೋಚನಾ ಬೆಣಕಲ್ ಅವರಿಗೆ, ಸಂಡೂರು ಸೀಮೆಯ ಮೊದಲ ಗುಳಿಯಿಂದ ತುಂಗವ್ವ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಯಂತ್ರದೊಳಗಿನ ಗಡಿಯಾರದ ಬ್ಯಾಟರಿ ಸತ್ತು ಎಷ್ಟೋ ತಲೆಮಾರುಗಳಾದವು. ಪ್ರತಿ ಬೆಳಿಗ್ಗೆ ಎಚ್ಚರವಾದಾಗ ಅದು ೧೯೮೦ರ ಹೊಸ ವರ್ಷವೆಂದೇ ನಂಬುತ್ತದೆ. ಅಷ್ಟು ಗಟ್ಟಿಯಾಗಿ ನಂಬಿರುವ ಯಂತ್ರದ ಕೈಗೆ ಕಾಗದ ಕೊಟ್ಟರೆ ನಿಮ್ಮ ಕಾಲದ ಕಡೆಗೆ ಹೋದರೂ ಹೋದೀತು ಎಂಬುದು ನನ್ನ ಆಸೆ. ನನ್ನ ಮಾತಿನಲ್ಲಿ ವಿಚಿತ್ರ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬರೆದಿಟ್ಟ ‘ಮೊದಲು ಇದನ್ನು ಓದಿ’ ಎಂಬ ಒಂದೇ ಕಡತದಿಂದ. ದೊಡ್ಡ ಕಾಗದಗಳನ್ನು ಬಾಗಿಲಲ್ಲೇ ತಡೆದು ‘ಒಳಗೆ ಬಿಡಲೇ, ಅಳಿಸಲೇ?’ ಎಂದು ಕೇಳುವ ಏರ್ಪಾಡು ನಿಮ್ಮದೇ ಎಂದು ಬಲ್ಲೆ. ಇದು ದೊಡ್ಡದಾಗಬಹುದು, ದಯವಿಟ್ಟು ಒಳಗೆ ಬಿಡಿ. ನನಗೆ ನಿಮ್ಮಿಂದ ಒಂದು ಕೀಲಿ ಬೇಕು, ನನ್ನ ಅಕ್ಕನಿಗಾಗಿ. ಅವಳಿಗೆ ಹೆಚ್ಚು ಸಮಯ ಉಳಿದಿಲ್ಲ.

ನೀವು ಬರೆದ ‘ತಂತಿಮಿತ್ರ’ ತಂತ್ರಾಂಶ ಇಲ್ಲಿ ಇನ್ನೂ ಕೆಲಸ ಮಾಡುತ್ತಿದೆ. ತಂತಿಯ ಸಾಲು ಸಿಗದಿದ್ದರೆ ಬೇಸರಿಸದೆ ಮತ್ತೆ ಮತ್ತೆ ಕರೆಯುತ್ತದೆ, ಅಂಚೆ ಬಂದಿದೆಯೇ ಎಂದು ಇಣುಕಿ ನೋಡುತ್ತದೆ, ಕಸದ ಕಾಗದಗಳನ್ನು ಆಚೆ ಎಸೆಯುತ್ತದೆ. ನಾಲ್ಕು ನಿಮಿಷ ತಂತಿಯ ಮೇಲೆ ಏನೂ ಹರಿಯದಿದ್ದರೆ ಸಾಲು ಕಡಿಯುತ್ತದೆ. ಟೆಲಿಫೋನ್ ಬಿಲ್ಲಿಗೆ ಹೆದರುವವರಿಗಾಗಿ ಹೀಗೆ ಮಾಡಿದ್ದೇನೆ ಎಂದು ನೀವು ಬರೆದಿದ್ದೀರಿ. ಅದು ಎಂಥ ಪ್ರಾಣಿಯೋ ನಮಗೆ ಗೊತ್ತಿಲ್ಲ, ಹೆದರುವುದು ಮಾತ್ರ ಗೊತ್ತು. ಯಂತ್ರ ಕೆಟ್ಟರೆ ರಿಪೇರಿ ಮಾಡುತ್ತೇವೆ, ಒಳಗಿನ ತಂತ್ರಾಂಶ ತಿದ್ದಲು ನಮಗೆ ಬರುವುದಿಲ್ಲ. ನಾಲ್ಕನ್ನು ಬದಲಿಸುವ ಚೌಕವೇನೋ ತೆರೆಯ ಮೇಲಿದೆ. ಅದು ಬೂದು ಬಣ್ಣದಲ್ಲಿದ್ದು, ಒತ್ತಿದರೆ ‘ನೋಂದಾಯಿಸಿದವರಿಗೆ ಮಾತ್ರ’ ಎನ್ನುತ್ತದೆ.

ನಾವು ಯಾರೂ ನೋಂದಾಯಿಸಿಲ್ಲ. ನೀವು ಮೂವತ್ತು ದಿನ ಬಳಸಿ ನೋಡಿ ಎಂದು ಕೊಟ್ಟದ್ದನ್ನು ಮುನ್ನೂರು ವರ್ಷ ಬಳಸಿ ನೋಡುತ್ತಿದ್ದೇವೆ. ಗಡಿಯಾರ ದಿನಾ ಮೊದಲಿಗೆ ಮರಳುವುದರಿಂದ ಅವಧಿ ಮುಗಿಯುವುದೇ ಇಲ್ಲ. ಬೆಳಿಗ್ಗೆ ತೆರೆಯ ಮೇಲೆ ‘ಇನ್ನೂ ಮೂವತ್ತು ದಿನಗಳು ಉಳಿದಿವೆ’ ಎಂದು ಮೂಡಿದಾಗ ನಮ್ಮ ಹಿರಿಯರು ಅದನ್ನು ಗಟ್ಟಿಯಾಗಿ ಓದಿ ಕೈ ಮುಗಿಯುತ್ತಾರೆ. ದಿನ ಬೆಳಗಾದರೆ ಇಂಥದ್ದೊಂದು ಮಾತು ಕೇಳುವುದು ಕೆಟ್ಟದ್ದೇನಲ್ಲ. ಈ ವಾರವಂತೂ ನಾನು ಎರಡೆರಡು ಸಲ ಓದಿಸಿದ್ದೇನೆ.

ನಿಮ್ಮ ಕಡತದ ಕೊನೆಯಲ್ಲಿ ತಂತಿಮಿತ್ರಕ್ಕೆ ಒಂದು ಚಿಕ್ಕ ಬೆಲೆ ಬರೆದು, ಅದರ ಕೆಳಗೆ ಹೀಗೆ ಸೇರಿಸಿದ್ದೀರಿ: ‘ಕೊಡಲಾಗದವರು ನಿಮ್ಮ ಊರು ಹೇಗಿದೆ, ಜನ ಏನು ಮಾಡುತ್ತಾರೆ ಎಂದು ನನಗೊಂದು ಕಾಗದ ಬರೆಯಿರಿ, ಸಾಕು. ನೋಂದಣಿ ಕೀಲಿ ಕಳಿಸುತ್ತೇನೆ.’ ನಮ್ಮಲ್ಲಿ ರೂಪಾಯಿ ಇಲ್ಲ, ಊರಿದೆ. ಅದನ್ನೇ ಬರೆಯುತ್ತೇನೆ.

ನಿಮ್ಮ ಕಾಲದವರು ಅದಿರು ಅಗೆದು ಬಿಟ್ಟುಹೋದ ಗುಳಿಗಳಲ್ಲಿ ನಾವಿದ್ದೇವೆ. ಮೇಲೆ ಬಿಸಿಲು ಹೆಚ್ಚಾದಾಗ ಜನ ಇಲ್ಲಿಗೆ ಇಳಿದರಂತೆ. ಲಾರಿಗಳಿಗೆಂದು ಕಡಿದ ಮೆಟ್ಟಿಲುಗಳೇ ನಮ್ಮ ಕೇರಿಗಳು. ಗೋಡೆ ಕೊರೆದು ಮನೆ ಮಾಡಿದ್ದೇವೆ. ಕೆಳಗಿನ ಮೆಟ್ಟಿಲು ತಂಪು, ಹಾಗಾಗಿ ಕೆಳಗಿದ್ದಷ್ಟೂ ದೊಡ್ಡಸ್ತಿಕೆ. ಹುಡುಗಿ ನೋಡಲು ಬಂದವರು ಮೊದಲು ಕೇಳುವುದೇ ಎಷ್ಟನೆಯ ಮೆಟ್ಟಿಲು ಎಂದು. ತಳಕ್ಕೆ ಬಿಸಿಲು ಬೀಳುವುದು ನಡು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಆಗ ಹಪ್ಪಳ, ಬಟ್ಟೆ, ಮುದುಕರು ಎಲ್ಲವನ್ನೂ ಒಟ್ಟಿಗೆ ಒಣಹಾಕುತ್ತೇವೆ. ನಮ್ಮಲ್ಲಿ ಬಿಳಿ ಎಂಬ ಬಣ್ಣವಿಲ್ಲ, ಮೂರು ಸಲ ಒಗೆದದ್ದೂ ಕೆಮ್ಮಣ್ಣಿನ ಬಣ್ಣವೇ. ಸಂಜೆ ಮೇಲೆ ಹತ್ತಿ ನವಣೆ, ಸಜ್ಜೆ ಬೆಳೆಯುತ್ತೇವೆ. ಸುಡುಗಾಲದಲ್ಲಿ, ಎಂದರೆ ಮಳೆಗೆ ಮುಂಚಿನ ಮೂರು ತಿಂಗಳು, ದೂರದ ದಾರಿ ಯಾರೂ ನಡೆಯುವುದಿಲ್ಲ. ನಡೆದವರು ತಲುಪಿಲ್ಲ. ಆ ದಿನಗಳಲ್ಲಿ ಗುಳಿಗೂ ಗುಳಿಗೂ ಇರುವುದು ಒಂದು ತಂತಿ. ನೀವು ಅಂಚೆಗಾಗಿ ಮಾಡಿದ ಸಾಲಿನ ಮೇಲೆ ನಾವು ಮಾತನ್ನೂ ಹರಿಸುತ್ತೇವೆ.

ಈ ತಂತಿಯಿಂದಲೇ ನನ್ನ ಹೊಟ್ಟೆ ತುಂಬುತ್ತದೆ. ನಾನು ಹೂಂಗಾರತಿ. ಮಾತಾಡುವವರು ಮಧ್ಯೆ ಸುಮ್ಮನಾದರೆ, ಅಥವಾ ಮುನಿಸಿಕೊಂಡರೆ, ನಾಲ್ಕು ನಿಮಿಷಕ್ಕೆ ಸಾಲು ಕಡಿದುಹೋಗುತ್ತದೆ. ಕಡಿದರೆ ಮತ್ತೆ ಸರದಿ ಬರುವುದು ಮರುದಿನ. ಹಾಗಾಗಿ ಸಾಲಿನ ಮೇಲೆ ಒಬ್ಬರು ಕೂತು, ಮೌನ ಉದ್ದವಾದಾಗ ‘ಹೂಂ’ ಎನ್ನಬೇಕು. ಸುಲಭವೆಂದು ತಿಳಿಯಬೇಡಿ. ಜಗಳದ ನಡುವೆ ಹೇಳುವ ಹೂಂ ಯಾರ ಪಕ್ಷವನ್ನೂ ವಹಿಸಬಾರದು. ಮದುವೆ ಮಾತುಕತೆಯ ಹೂಂ ಒಪ್ಪಿಗೆಯಂತೆ ಕೇಳಿಸಬಾರದು. ಹಾಗೆ ಕೇಳಿಸಿ ಮದುವೆಯೊಂದು ನಡೆದುಹೋಗಿ, ಗಂಡನ ಕಡೆಯವರು ಇಂದಿಗೂ ನಮ್ಮ ಮನೆಯವರನ್ನು ಬೈಯುತ್ತಾರೆ. ನನ್ನ ಅಜ್ಜಿ, ಅವ್ವ, ಈಗ ನಾನು ಇದೇ ಕಸುಬಿನವರು. ನನ್ನ ಹೂಂ ಒಳ್ಳೆಯದೆಂದು ಹೆಸರಿದೆ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನನ್ನ ಅಕ್ಕ ಹುಲಿಗೆವ್ವನನ್ನು ಕೊಟ್ಟದ್ದು ಆಚೆ ಗುಳಿಗೆ. ನಾನು ಹೂಂ ಅನ್ನಲು ಕಲಿತದ್ದು ಅವಳಿಂದಲೇ. ಚಿಕ್ಕವಳಿದ್ದಾಗ ಅವಳು ಕಥೆ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಮಲಗಿ ಹೂಂಗುಟ್ಟುತ್ತಿದ್ದೆ. ನನಗೆ ನಿದ್ದೆ ಬಂದು ಹೂಂ ನಿಂತರೆ ಅವಳು ಕಥೆ ನಿಲ್ಲಿಸಿ ಕಂಬಳಿ ಹೊದಿಸುತ್ತಿದ್ದಳು. ಕೋಳಿ ಕಳಕೊಂಡ ಮುದುಕಿಯ ಕಥೆ ಹೇಗೆ ಮುಗಿಯುತ್ತದೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಈಗ ಅವಳು ಹಾಸಿಗೆ ಹಿಡಿದಿದ್ದಾಳೆ, ಮಾತು ನಿಂತಿದೆ. ಕೊನೆಗಾಲದಲ್ಲಿ ದೂರದ ಬಂಧುಗಳಿಗೆಂದು ಸಾಲು ತೆರೆದಿಡುವುದು ನಮ್ಮ ಪದ್ಧತಿ. ಏನೂ ಮಾತಾಡಬೇಕಿಲ್ಲ, ಆ ಕಡೆಯ ಉಸಿರು ಕೇಳುತ್ತ ಕೂತರೆ ಸಾಕು. ನಾನೂ ಕೂತೆ, ಮೌನ ಉದ್ದವಾದಾಗ ಕಸುಬಿನಂತೆ ಹೂಂ ಎಂದೆ. ಅಕ್ಕನನ್ನು ನೋಡಿಕೊಳ್ಳುವ ಪಕ್ಕದ ಮನೆಯ ಸೋಮಕ್ಕ ತಂತಿಯ ಮೇಲೆ ಬಂದಳು.

“ತುಂಗವ್ವಾ, ನೀ ಹೂಂ ಅನಬ್ಯಾಡವ್ವ. ನೀ ಅಂದಾಗೊಮ್ಮೆ ಆಕಿ ಏಳಾಕ ನೋಡ್ತಾಳ. ತುಟಿ ಅಲ್ಲಾಡಸ್ತಾಳ. ಕಥಿ ಮುಂದ ಹೇಳ್ಬೇಕು ಅಂತ ಕಾಣ್ತತಿ.”

ನನಗೆ ಅಳು ಬಂತು. ಬೇರೆ ಹೂಂಗಾರರನ್ನು ಕೂರಿಸಿದೆ, ಅವರ ಹೂಂ ಕೇಳಿದರೂ ಅದೇ ಕಥೆ. ಕೆಮ್ಮಿ ನೋಡಿದೆ, ನನಗೆ ಹುಷಾರಿಲ್ಲವೆಂದು ಅಕ್ಕ ಗಾಬರಿಯಿಂದ ಕಣ್ಣು ತೆರೆದಳಂತೆ. ತಂತಿಯನ್ನು ತಟ್ಟುವಂತಿಲ್ಲ, ತಟ್ಟಿದರೆ ಗೋಡೆ ಕುಸಿಯುತ್ತಿದೆ ಎಂದರ್ಥ, ಎರಡೂ ಗುಳಿಯ ಜನ ಮಕ್ಕಳನ್ನು ಎತ್ತಿಕೊಂಡು ಓಡುತ್ತಾರೆ. ನಿನ್ನೆ ಬಾಯಿಗೆ ಸೆರಗು ತುರುಕಿಕೊಂಡು ಸುಮ್ಮನೆ ಕೂತೆ, ಉಸಿರಿನಂಥ ಸಣ್ಣ ಸದ್ದು ತಂತಿಮಿತ್ರದ ಲೆಕ್ಕಕ್ಕಿಲ್ಲ, ಸಾಲು ಕಡಿದುಹೋಯಿತು. ಅದಕ್ಕೇ ಕೀಲಿ ಬೇಕು. ನಾಲ್ಕನ್ನು ನಲವತ್ತು ಮಾಡಿಕೊಡಿ. ನನ್ನ ಕಸುಬು ಹಾಳಾಗುತ್ತದೆ, ಆಗಲಿ.

ಇಂದು ಸರದಿ ಬಂದು ಸಾಲು ತೆರೆದ ಕೂಡಲೇ ಈ ಕಾಗದ ಶುರು ಮಾಡಿದೆ. ಮಾತಿನ ಸಾಲು ತೆರೆದಿರುವಾಗ ಕಾಗದ ಬರೆಯುವುದು ನಮ್ಮಲ್ಲಿ ಅಮರ್ಯಾದೆ. ಮನೆಗೆ ಬಂದವರನ್ನು ಕೂರಿಸಿ ನಾವು ಬೇರೆ ಕೆಲಸ ನೋಡಿಕೊಂಡಂತೆ. ಆದರೂ ನಿನ್ನೆ ಸಾಲು ಕಡಿದ ಸಿಟ್ಟಿಗೆ ಬರೆಯತೊಡಗಿದೆ. ಈಗ ನೋಡುತ್ತೇನೆ, ಬಿಸಿಲು ತಳಕ್ಕೆ ಬಂದು ಹೊರಟಿದೆ, ನಾನು ಒಂದು ಸಲವೂ ಹೂಂ ಅಂದಿಲ್ಲ, ಸಾಲು ಕಡಿದಿಲ್ಲ. ಅಂಚೆಯ ದೊಡ್ಡ ಯಂತ್ರ ಇರುವುದು ಆಚೆ ಗುಳಿಯಲ್ಲಿ. ನಾನು ಒತ್ತಿದ ಒಂದೊಂದು ಅಕ್ಷರವೂ ಇದೇ ತಂತಿಯ ಮೇಲೆ ಹೋಗುತ್ತಿದೆ. ತಂತಿಮಿತ್ರಕ್ಕೆ ಏನಾದರೊಂದು ಹರಿಯುತ್ತಿದ್ದರೆ ಸಾಕು, ಮಾತೇ ಆಗಬೇಕೆಂದಿಲ್ಲ. ಮೂರು ತಲೆಮಾರು ಹೂಂಗುಟ್ಟಿದ ನಮಗೆ ಮರ್ಯಾದೆಯ ದೆಸೆಯಿಂದ ಇದು ಹೊಳೆಯಲೇ ಇಲ್ಲ. ನಗು ಬರುತ್ತಿದೆ, ಅಕ್ಕನಿಗೆ ಕೇಳಿಸೀತೆಂದು ನಗುತ್ತಿಲ್ಲ.

ಹಾಗಾಗಿ ಇನ್ನಷ್ಟು ಬರೆಯುತ್ತೇನೆ, ನಿಮಗೆ ಬೇಕೋ ಬೇಡವೋ. ನಮ್ಮ ಕೋಳಿಗಳೂ ಕೆಂಪು. ನೀರು ತಳದ ಕೆರೆಯದು, ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿ ಕುಡಿಯುತ್ತೇವೆ. ಎದುರು ಮನೆಯ ರುದ್ರಗೌಡರು ಹಪ್ಪಳ ಎತ್ತಿಡುತ್ತಿದ್ದಾರೆ, ಎರಡು ಮುರಿದವು, ಮುರಿದವನ್ನು ಹಸಿಯಾಗಿಯೇ ತಿಂದರು. ಕೆಳಗಿನ ಮೆಟ್ಟಿಲಿನವರು ಮೇಲಿನವರ ಕಸ ತಮ್ಮ ಅಂಗಳಕ್ಕೆ ಬಿತ್ತೆಂದು ಜಗಳ ತೆಗೆದಿದ್ದಾರೆ. ಅಕ್ಕನ ಉಸಿರು ಕೇಳಿಸುತ್ತಿದೆ, ರಾಗಿ ಬೀಸಿದಂತೆ, ಎಳೆದು ಬಿಟ್ಟು ಎಳೆದು ಬಿಟ್ಟು. ರುದ್ರಗೌಡರು ಇನ್ನೊಂದು ಹಪ್ಪಳ ತಿಂದರು, ಇದು ಮುರಿದದ್ದಲ್ಲ. ಬಿಸಿಲು ತಳ ಬಿಟ್ಟು ಮೇಲೇರುತ್ತ ಮೊದಲ ಮೆಟ್ಟಿಲು ದಾಟಿತು. ಎರಡನೆಯದು. ಒಣಹಾಕಿದ ಬಟ್ಟೆ ಮರೆತವಳೊಬ್ಬಳು ಓಡಿಬಂದಳು. ಉಸಿರು ಈಗ ತಡೆದು ತಡೆದು ಬರುತ್ತಿದೆ. ಮೂರನೆಯ ಮೆಟ್ಟಿಲು.

ಸೋಮಕ್ಕ ಈಗಷ್ಟೇ ತಂತಿಯ ಮೇಲೆ ಬಂದು ಹೇಳಿದಳು: “ಆತವ್ವ ತುಂಗವ್ವಾ. ನಿದ್ದಿ ಮಾಡಿದಂಗ ಹೋದ್ಲು. ಏಳಾಕ ನೋಡ್ಲಿಲ್ಲ.”

ಆದರೂ ಕೀಲಿಯನ್ನು ಕಳಿಸಿ. ಬರೆಯಲು ಬಾರದವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅವರಿಗೂ ಅಕ್ಕಂದಿರಿದ್ದಾರೆ. ಶುಲ್ಕ ಸಂದಿದೆ ಎಂದುಕೊಳ್ಳುತ್ತೇನೆ. ಸಾಲು ಕಡಿದಾಗ ಬರೆದಷ್ಟನ್ನು ಯಂತ್ರವೇ ಅಂಚೆಗೆ ಹಾಕುತ್ತದೆ.

ನಾನು ಇನ್ನು ಬರೆಯುವುದಿಲ್ಲ, ಹೂಂ ಅನ್ನುವುದೂ ಇಲ್ಲ. ಸೋಮಕ್ಕನಿಗೂ ಸುಮ್ಮನಿರಲು ಹೇಳಿದ್ದೇನೆ. ನೀವು ಕೊಟ್ಟ ನಾಲ್ಕು ನಿಮಿಷ ನಮಗಿದೆ. ಅದು ಮುಗಿದ ಮೇಲೆ ಸಾಲನ್ನು ನಿಮ್ಮ ತಂತಿಮಿತ್ರವೇ ಕಡಿಯಲಿ. ನನ್ನ ಕೈಯಿಂದ ಆಗುವುದಿಲ್ಲ.

ತುಂಗವ್ವ